ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2023

ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2023 ಎಂಬುದು ಭಾರತದಲ್ಲಿ 3ರಿಂದ 18 ವರ್ಷದವರೆಗಿನ ಮಕ್ಕಳು ಏನನ್ನು, ಯಾವ ಕ್ರಮದಲ್ಲಿ, ಯಾವ ಭಾಷೆಯಲ್ಲಿ ಕಲಿಯಬೇಕು ಹಾಗೂ ಆ ಕಲಿಕೆಯನ್ನು ಹೇಗೆ ಅಳೆಯಬೇಕು ಎಂಬುದನ್ನು ನಿರೂಪಿಸುವ ಮಾರ್ಗದರ್ಶಿ ದಾಖಲೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಆಶಯಗಳನ್ನು ತರಗತಿಯವರೆಗೆ ತಲುಪಿಸುವ ಸಲುವಾಗಿ, ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ಅವರ ನೇತೃತ್ವದ ಸಮಿತಿಯು ಇದನ್ನು ಸಿದ್ಧಪಡಿಸಿತು. ಕೇಂದ್ರ ಶಿಕ್ಷಣ ಸಚಿವಾಲಯವು 2023ರ ಆಗಸ್ಟ್ 23ರಂದು ಇದನ್ನು ಬಿಡುಗಡೆ ಮಾಡಿತು. ಅದೇ ದಿನ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು ಕಾಕತಾಳೀಯ. 2005ರ ಚೌಕಟ್ಟಿನ ಸ್ಥಾನದಲ್ಲಿ ಬಂದ ಈ ದಾಖಲೆ ಸುಮಾರು 600 ಪುಟಗಳಷ್ಟಿದ್ದು, ಶಿಕ್ಷಕರು ಮತ್ತು ಪಠ್ಯಪುಸ್ತಕ ರಚನಕಾರರಿಗಷ್ಟೇ ಅಲ್ಲದೆ ಮಕ್ಕಳ ಕುಟುಂಬಗಳಿಗೂ ಸಂಬಂಧಿಸಿದ ಹಲವು ಬದಲಾವಣೆಗಳನ್ನು ಸೂಚಿಸುತ್ತದೆ. ಒಂದನೇ ತರಗತಿಗೆ ಸೇರುವ ವಯಸ್ಸು, ಎಳೆಯ ಮಕ್ಕಳ ಕಲಿಕೆಯ ಭಾಷೆ, ಪ್ರೌಢಶಾಲೆಯಲ್ಲಿ ಓದಬೇಕಾದ ಭಾಷೆಗಳ ಆಯ್ಕೆ, ಬೋರ್ಡ್ ಪರೀಕ್ಷೆಯ ಸ್ವರೂಪ ಇವುಗಳಲ್ಲಿ ಮುಖ್ಯವಾದವು.

ಚೌಕಟ್ಟಿನಲ್ಲಿ ಬರೆದಿರುವುದೆಲ್ಲವೂ ಎಲ್ಲ ಶಾಲೆಗಳಲ್ಲಿ ಜಾರಿಯಾಗಿದೆ ಎಂದು ಭಾವಿಸುವುದು ಸರಿಯಲ್ಲ. ಕೇಂದ್ರೀಯ ವಿದ್ಯಾಲಯದಲ್ಲಿ ಓದುವ ಮಗು ಇದರ ಪ್ರಭಾವವನ್ನು ಈಗಾಗಲೇ ಪಠ್ಯಪುಸ್ತಕದಲ್ಲಿ ಕಾಣುತ್ತಿದ್ದರೆ, ಅದೇ ಬೀದಿಯ ಸರ್ಕಾರಿ ಶಾಲೆಯ ಮಗುವಿನ ಚೀಲದಲ್ಲಿ ಅದರ ಗುರುತೇ ಇಲ್ಲದಿರಬಹುದು.

ಸ್ವರೂಪ

ಪಠ್ಯಕ್ರಮ ಚೌಕಟ್ಟು ಎಂದರೆ ಪಠ್ಯಪುಸ್ತಕವಲ್ಲ. ಪಾಠಗಳ ಪಟ್ಟಿಯೂ ಅದರಲ್ಲಿಲ್ಲ. ಶಿಕ್ಷಣದ ಒಟ್ಟು ಉದ್ದೇಶಗಳಿಂದ ಆರಂಭಿಸಿ, ಅವುಗಳಿಂದ ಪ್ರತಿ ವಿಷಯದ ಪಠ್ಯಕ್ರಮದ ಗುರಿಗಳನ್ನು, ಗುರಿಗಳಿಂದ ಮಗು ಗಳಿಸಬೇಕಾದ ಸಾಮರ್ಥ್ಯಗಳನ್ನು, ಸಾಮರ್ಥ್ಯಗಳಿಂದ ತರಗತಿವಾರು ಕಲಿಕಾ ಫಲಗಳನ್ನು ಹಂತಹಂತವಾಗಿ ಬಿಡಿಸುವುದು ಇದರ ಕ್ರಮ. ಎಳೆಯ ಮಕ್ಕಳ ಗಣಿತದಲ್ಲಿ ಒಂದು ಸಾಮರ್ಥ್ಯ ಹೀಗಿದೆ: ಮಗು 99ರವರೆಗೆ ಏರಿಕೆ ಮತ್ತು ಇಳಿಕೆ ಎರಡೂ ಕ್ರಮಗಳಲ್ಲಿ, ಹಾಗೂ ಹತ್ತು, ಇಪ್ಪತ್ತರ ಗುಂಪುಗಳಲ್ಲಿ ಎಣಿಸಬಲ್ಲದು. ಇದನ್ನು ಹುಣಿಸೆ ಬೀಜಗಳಿಂದ ಕಲಿಸಬೇಕೋ, ಮಣಿಸರದಿಂದಲೋ, ಪುಸ್ತಕದ ಚಿತ್ರದಿಂದಲೋ ಎಂಬ ತೀರ್ಮಾನ ಶಿಕ್ಷಕರಿಗೆ ಬಿಟ್ಟದ್ದು. ಎಷ್ಟು ಪಾಠ ಮುಗಿಯಿತು ಎಂಬ ಪ್ರಶ್ನೆಯ ಬದಲು ಮಗುವಿಗೆ ಏನು ಬರುತ್ತದೆ ಎಂಬ ಪ್ರಶ್ನೆಯನ್ನು ಮುಂದಿಡುವುದರಿಂದ, ಪೋಷಕರ ಸಭೆಯಲ್ಲಿ ಕೇಳಬೇಕಾದ ಮಾತೂ ಬದಲಾಗುತ್ತದೆ.

ಚೌಕಟ್ಟಿಗೆ ತನ್ನಷ್ಟಕ್ಕೆ ಕಾನೂನಿನ ಬಲವಿಲ್ಲ. ಸಂವಿಧಾನದ 42ನೇ ತಿದ್ದುಪಡಿಯ (1976) ನಂತರ ಶಿಕ್ಷಣವು ಸಮವರ್ತಿ ಪಟ್ಟಿಯಲ್ಲಿದ್ದು, ಕೇಂದ್ರ ಮತ್ತು ರಾಜ್ಯಗಳೆರಡಕ್ಕೂ ಅದರ ಮೇಲೆ ಅಧಿಕಾರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಶಿಕ್ಷಣದ ಪಠ್ಯಕ್ರಮವನ್ನು ಆಯಾ ಸರ್ಕಾರ ಅಧಿಸೂಚಿಸುವ ಶೈಕ್ಷಣಿಕ ಪ್ರಾಧಿಕಾರವು ನಿಗದಿಪಡಿಸುತ್ತದೆ. ರಾಷ್ಟ್ರೀಯ ಚೌಕಟ್ಟನ್ನು ಆಧರಿಸಿ ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳನ್ನು ರಚಿಸುತ್ತದೆ. ಸಿಬಿಎಸ್‌ಇ ಶಾಲೆಗಳು, ಕೇಂದ್ರೀಯ ಮತ್ತು ನವೋದಯ ವಿದ್ಯಾಲಯಗಳು ಅವನ್ನು ಬಳಸುತ್ತವೆ. ರಾಜ್ಯಗಳು ಚೌಕಟ್ಟನ್ನು ಪೂರ್ತಿಯಾಗಿ ಒಪ್ಪಬಹುದು, ಮಾರ್ಪಡಿಸಿಕೊಂಡು ತಮ್ಮದೇ ರಾಜ್ಯ ಪಠ್ಯಕ್ರಮ ಚೌಕಟ್ಟನ್ನು ರೂಪಿಸಬಹುದು ಅಥವಾ ಬೇರೆಯೇ ದಾರಿ ಹಿಡಿಯಬಹುದು. ಹೀಗಾಗಿ ಒಂದು ನಿರ್ದಿಷ್ಟ ಬದಲಾವಣೆ ತಮ್ಮ ಮಗುವಿಗೆ ಅನ್ವಯಿಸುತ್ತದೆಯೇ ಎಂದು ತಿಳಿಯಲು ಪೋಷಕರು ಮೊದಲು ನೋಡಬೇಕಾದುದು ಶಾಲೆ ಯಾವ ಮಂಡಳಿಗೆ ಸೇರಿದೆ ಎಂಬುದನ್ನು.

ಹಿನ್ನೆಲೆ

ಇದಕ್ಕೆ ಮುನ್ನ 1975, 1988, 2000 ಮತ್ತು 2005ರಲ್ಲಿ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟುಗಳು ಹೊರಬಂದಿದ್ದವು. ಇವುಗಳಲ್ಲಿ 2005ರದು ಅತ್ಯಂತ ಪ್ರಭಾವಶಾಲಿ. ವಿಜ್ಞಾನಿ ಯಶಪಾಲ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಆ ಚೌಕಟ್ಟಿನ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ರಾಜ್ಯಸಭೆಗೆ ನಾಮಕರಣಗೊಂಡಿದ್ದ ಮೈಸೂರಿನ ಲೇಖಕ ಆರ್.ಕೆ. ನಾರಾಯಣ್ ತಮ್ಮ ಮೊದಲ ಭಾಷಣದಲ್ಲಿ ಶಾಲಾ ಮಕ್ಕಳ ಬೆನ್ನಿನ ಮೇಲಿನ ಚೀಲದ ಭಾರವನ್ನೇ ವಿಷಯವಾಗಿ ಎತ್ತಿಕೊಂಡಿದ್ದರು. ಆ ಕಳಕಳಿಯ ಮುಂದುವರಿಕೆಯಾಗಿ ಯಶಪಾಲ್ ಸಮಿತಿ ನೇಮಕಗೊಂಡು, 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಕುರಿತು ವರದಿ ನೀಡಿತು. ಪುಸ್ತಕದ ಭಾರಕ್ಕಿಂತ ಅರ್ಥವಾಗದುದನ್ನು ಹೊರುವ ಭಾರವೇ ಹೆಚ್ಚೆಂಬ ಆ ವರದಿಯ ನಿಲುವು 2005ರ ಚೌಕಟ್ಟಿನಲ್ಲಿಯೂ 2023ರದರಲ್ಲಿಯೂ ಮುಂದುವರಿದಿದೆ.

ರಾಷ್ಟ್ರೀಯ ಶಿಕ್ಷಣ ನೀತಿಗೆ ಕೇಂದ್ರ ಸಚಿವ ಸಂಪುಟವು 2020ರ ಜುಲೈ 29ರಂದು ಒಪ್ಪಿಗೆ ನೀಡಿತು. 2021ರ ಸೆಪ್ಟೆಂಬರ್‌ನಲ್ಲಿ ಚೌಕಟ್ಟಿನ ರಚನೆಗಾಗಿ ರಾಷ್ಟ್ರೀಯ ಮಾರ್ಗದರ್ಶಕ ಸಮಿತಿ ನೇಮಕಗೊಂಡಿತು. ಗಣಿತಜ್ಞ ಮಂಜುಲ್ ಭಾರ್ಗವ ಮೊದಲಾದವರಿದ್ದ ಈ ಸಮಿತಿಯಲ್ಲಿ ಕರ್ನಾಟಕದ ಎಂ.ಕೆ. ಶ್ರೀಧರ್ ಮತ್ತು ಟಿ.ವಿ. ಕಟ್ಟೀಮನಿ ಸದಸ್ಯರಾಗಿದ್ದರು. ಎಳೆಯ ಮಕ್ಕಳ ಹಂತಕ್ಕೆ ಸಂಬಂಧಿಸಿದ ಭಾಗವು 2022ರ ಅಕ್ಟೋಬರ್ 20ರಂದು ಪ್ರತ್ಯೇಕವಾಗಿ ಪ್ರಕಟವಾಯಿತು. ಪೂರ್ಣ ಚೌಕಟ್ಟಿನ ಕರಡನ್ನು 2023ರ ಏಪ್ರಿಲ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಲಾಗಿತ್ತು. ಸಮಿತಿಯ ಅಧ್ಯಕ್ಷ ಕಸ್ತೂರಿರಂಗನ್ 2025ರ ಏಪ್ರಿಲ್ 25ರಂದು ಬೆಂಗಳೂರಿನಲ್ಲಿ ನಿಧನರಾದರು.

ಹಂತಗಳು ಮತ್ತು ಶಾಲೆಗೆ ಸೇರುವ ವಯಸ್ಸು

ಹತ್ತು ವರ್ಷದ ಶಾಲೆ ಮತ್ತು ಎರಡು ವರ್ಷದ ಪದವಿಪೂರ್ವ ಎಂಬ 10+2 ವಿಭಜನೆಯ ಬದಲಿಗೆ ಚೌಕಟ್ಟು 5+3+3+4 ಎಂಬ ನಾಲ್ಕು ಹಂತಗಳನ್ನು ಅನುಸರಿಸುತ್ತದೆ. 3ರಿಂದ 8 ವರ್ಷದವರೆಗಿನ ಬುನಾದಿ ಹಂತದಲ್ಲಿ ಮೂರು ವರ್ಷದ ಶಾಲಾಪೂರ್ವ ಶಿಕ್ಷಣ ಹಾಗೂ 1 ಮತ್ತು 2ನೇ ತರಗತಿಗಳು ಸೇರುತ್ತವೆ. 3ರಿಂದ 5ನೇ ತರಗತಿಯವರೆಗೆ ಪೂರ್ವಸಿದ್ಧತಾ ಹಂತ, 6ರಿಂದ 8ರವರೆಗೆ ಮಧ್ಯಮ ಹಂತ, 9ರಿಂದ 12ರವರೆಗೆ ಪ್ರೌಢ ಹಂತ. ಈ ಎಣಿಕೆಯಲ್ಲಿ ಹೊಸದೆಂದರೆ ಅಂಗನವಾಡಿ, ಎಲ್‌ಕೆಜಿ, ಯುಕೆಜಿಗಳ ವರ್ಷಗಳು ಮೊದಲ ಬಾರಿಗೆ ಶಾಲಾ ಪಠ್ಯಕ್ರಮದ ಭಾಗವಾದದ್ದು. ಅದುವರೆಗೆ ಆ ವರ್ಷಗಳಲ್ಲಿ ಏನು ನಡೆಯಬೇಕೆಂಬುದು ಹೆಚ್ಚಾಗಿ ಖಾಸಗಿ ಶಾಲೆಗಳ ಇಚ್ಛೆಗೆ ಬಿಟ್ಟಿತ್ತು.

ಚೌಕಟ್ಟಿನ ಅತ್ಯಂತ ಸ್ಪಷ್ಟವಾದ, ಬಹುಶಃ ಅತ್ಯಂತ ಉಪಯುಕ್ತವಾದ ಮಾತುಗಳು ಇರುವುದು ಬುನಾದಿ ಹಂತದ ಕುರಿತೇ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕ ಇರಕೂಡದು. ಆಟ, ಹಾಡು, ಕಥೆ, ಮಣ್ಣು, ಬಣ್ಣ, ಒಗಟುಗಳೇ ಕಲಿಕೆಯ ಸಾಧನಗಳಾಗಬೇಕು ಎಂದು ಅದು ಹೇಳುತ್ತದೆ. ಭಾಷಾ ಕಲಿಕೆಯನ್ನು ಮಾತುಕತೆ, ಪದಗಳ ಗುರುತಿಸುವಿಕೆ, ಓದು, ಬರಹ ಎಂಬ ನಾಲ್ಕು ಭಾಗಗಳಲ್ಲಿ ಪ್ರತಿದಿನವೂ ನಡೆಸಲು ಸೂಚಿಸುತ್ತದೆ. ಮಗುವಿನ ಬೆಳವಣಿಗೆಯನ್ನು ವಿವರಿಸಲು ತೈತ್ತಿರೀಯ ಉಪನಿಷತ್ತಿನ ಪಂಚಕೋಶಗಳ ಕಲ್ಪನೆಯನ್ನು ಬಳಸಿಕೊಂಡಿರುವುದು ಈ ಭಾಗದ ಚರ್ಚಿತ ಅಂಶಗಳಲ್ಲೊಂದು. ದೇಹ, ಪ್ರಾಣ, ಮನಸ್ಸು, ಬುದ್ಧಿ, ಆನಂದಗಳ ಸಮಗ್ರ ಬೆಳವಣಿಗೆಯ ದೇಶೀಯ ನಿರೂಪಣೆ ಇದೆಂದು ಕೆಲವರು ಮೆಚ್ಚಿದರೆ, ಬಹುಧರ್ಮೀಯ ದೇಶದ ಶಾಲಾ ದಾಖಲೆಗೆ ಒಂದೇ ಪರಂಪರೆಯ ಪರಿಭಾಷೆ ಏಕೆ ಎಂದು ಕೆಲವರು ಪ್ರಶ್ನಿಸಿದರು. 2023ರ ಫೆಬ್ರವರಿಯಲ್ಲಿ ಈ ಹಂತಕ್ಕಾಗಿ ‘ಜಾದೂಯಿ ಪಿಟಾರಾ’ ಎಂಬ ಕಲಿಕಾ ಪೆಟ್ಟಿಗೆಯನ್ನು ಬಿಡುಗಡೆ ಮಾಡಲಾಯಿತು. ಆಟಿಕೆ, ಗೊಂಬೆ, ಚಿತ್ರಪಟ, ಕಥೆಪುಸ್ತಕಗಳನ್ನು ಅದು ಒಳಗೊಂಡಿದೆ.

ಕರ್ನಾಟಕದ ಸರ್ಕಾರಿ ಶಾಲೆಗಳನ್ನು ಬಲ್ಲವರಿಗೆ ಇದು ತೀರ ಹೊಸತೆನಿಸದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು ಆರಂಭವಾದ ‘ನಲಿ-ಕಲಿ’ ಪದ್ಧತಿಯು ಕಾರ್ಡುಗಳು, ಗುಂಪು ಚಟುವಟಿಕೆಗಳು ಮತ್ತು ಮಗುವಿನ ಸ್ವಂತ ವೇಗದ ಕಲಿಕೆಯನ್ನು ಕೆಳ ತರಗತಿಗಳಿಗೆ ತಂದು ಎಷ್ಟೋ ವರ್ಷಗಳಾಗಿವೆ.

ಬುನಾದಿ ಹಂತದ ಲೆಕ್ಕಾಚಾರದಿಂದ ಕುಟುಂಬಗಳಿಗೆ ನೇರವಾಗಿ ತಟ್ಟುವ ಸಂಗತಿ ವಯಸ್ಸಿನದು. ಮೂರು ವರ್ಷದ ಶಾಲಾಪೂರ್ವ ಕಲಿಕೆಯ ನಂತರ ಮಗು ಆರು ವರ್ಷ ತುಂಬಿದ ಮೇಲೆಯೇ ಒಂದನೇ ತರಗತಿಗೆ ಸೇರಬೇಕು. ಐದೂವರೆ ವರ್ಷಕ್ಕೇ ಸೇರಿಸುವ ರೂಢಿಯಿದ್ದ ಕಡೆಗಳಲ್ಲಿ ಇದು ಒಂದು ವರ್ಷ ‘ವ್ಯರ್ಥ’ವಾಗುತ್ತದೆಂಬ ಆತಂಕವನ್ನು ಹುಟ್ಟಿಸಿತು. ಕರ್ನಾಟಕದಲ್ಲಿ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮಕ್ಕೆ, ಯುಕೆಜಿ ಮುಗಿಸಿ ಕಾದು ನಿಂತಿದ್ದ ಮಕ್ಕಳ ಪೋಷಕರ ಒತ್ತಾಯದ ಮೇರೆಗೆ, 2025-26ನೇ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಕೆ ನೀಡಲಾಯಿತು.

ಭಾಷೆಗಳು

ಚೌಕಟ್ಟು ಭಾಷೆಗಳನ್ನು ‘ಪ್ರಥಮ’, ‘ದ್ವಿತೀಯ’ ಎಂದು ಕರೆಯದೆ ಆರ್1, ಆರ್2, ಆರ್3 ಎಂದು ಗುರುತಿಸುತ್ತದೆ. ಆರ್1 ಎಂದರೆ ಮಗು ಓದುಬರಹವನ್ನು ಮೊಟ್ಟಮೊದಲು ಕಲಿಯುವ ಭಾಷೆ. ಅದು ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಾಗಿರಬೇಕು. ಆಗದಿದ್ದರೆ ಮಗುವಿಗೆ ಪರಿಚಿತವಾದ ರಾಜ್ಯಭಾಷೆಯಾಗಿರಬೇಕು. ಬೇರೊಂದು ಭಾಷೆಯಲ್ಲಿ ಓದುಬರಹ ಗಟ್ಟಿಯಾಗುವವರೆಗೂ ಉಳಿದ ವಿಷಯಗಳ ಬೋಧನೆ ಆರ್1ರಲ್ಲಿಯೇ ನಡೆಯಬೇಕೆಂಬುದು ಆಶಯ. ಆರ್2 ಎಂದರೆ ಅದಕ್ಕಿಂತ ಬೇರೆಯಾದ ಯಾವುದೇ ಭಾಷೆ, ಇಂಗ್ಲಿಷ್ ಕೂಡ ಆಗಬಹುದು. ಆರ್3 ಆರನೇ ತರಗತಿಯಿಂದ ಆರಂಭವಾಗುತ್ತದೆ. ಮೂರರಲ್ಲಿ ಕನಿಷ್ಠ ಎರಡು ಭಾರತೀಯ ಮೂಲದ ಭಾಷೆಗಳಾಗಿರಬೇಕು.

ಈ ಕೊನೆಯ ಷರತ್ತಿನ ಪರಿಣಾಮ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚು. ಚೌಕಟ್ಟಿನ ವರ್ಗೀಕರಣದಲ್ಲಿ ಇಂಗ್ಲಿಷ್ ಭಾರತೀಯ ಮೂಲದ ಭಾಷೆಯಲ್ಲ. ಆದ್ದರಿಂದ ಇಂಗ್ಲಿಷ್, ಕನ್ನಡ ಮತ್ತು ಫ್ರೆಂಚ್ ಎಂಬ ಆಯ್ಕೆ ಷರತ್ತನ್ನು ಪೂರೈಸುವುದಿಲ್ಲ. ಇಂಗ್ಲಿಷ್, ಕನ್ನಡ ಮತ್ತು ಸಂಸ್ಕೃತ ಅಥವಾ ತುಳು, ಉರ್ದು, ಹಿಂದಿ ಮುಂತಾದ ಮತ್ತೊಂದು ಭಾರತೀಯ ಭಾಷೆಯಾದರೆ ಪೂರೈಸುತ್ತದೆ. ಮಕ್ಕಳಿಗೆ ಫ್ರೆಂಚ್, ಜರ್ಮನ್ ಕಲಿಸುವ ನಗರದ ಶಾಲೆಗಳ ಪೋಷಕರು ಇದನ್ನು ಗಮನಿಸಬೇಕಾಗುತ್ತದೆ. ಮೂರನೆಯ ಭಾಷೆ ಹಿಂದಿಯೇ ಆಗಿರಬೇಕೆಂದು ಶಿಕ್ಷಣ ನೀತಿಯಾಗಲಿ ಚೌಕಟ್ಟಾಗಲಿ ಹೇಳುವುದಿಲ್ಲ. ಆದರೂ ಇತರ ಭಾಷೆಗಳ ಶಿಕ್ಷಕರು ಶಾಲೆಯಲ್ಲಿ ಇಲ್ಲದಿದ್ದಾಗ ಆಯ್ಕೆ ಕಾಗದದ ಮೇಲಷ್ಟೇ ಉಳಿದು ಹಿಂದಿಯೇ ಗತಿಯಾಗುತ್ತದೆ ಎಂಬ ಟೀಕೆ ದಕ್ಷಿಣದ ರಾಜ್ಯಗಳಿಂದ ಕೇಳಿಬಂದಿದ್ದು, ಅದರಲ್ಲಿ ಹುರುಳಿಲ್ಲದಿಲ್ಲ. ತಮಿಳುನಾಡು ತನ್ನ ದ್ವಿಭಾಷಾ ಪದ್ಧತಿಯನ್ನು ಬಿಡಲು ಒಪ್ಪಿಲ್ಲ. ಮಹಾರಾಷ್ಟ್ರ ಸರ್ಕಾರವು 2025ರ ಏಪ್ರಿಲ್‌ನಲ್ಲಿ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಡ್ಡಾಯಗೊಳಿಸಿತು. ತೀವ್ರ ವಿರೋಧದ ನಂತರ ಜೂನ್ ಕೊನೆಯಲ್ಲಿ ಆದೇಶಗಳನ್ನು ಹಿಂಪಡೆಯಿತು. ರಾಷ್ಟ್ರೀಯ ಚೌಕಟ್ಟು ಮೂರನೆಯ ಭಾಷೆಯನ್ನು ಆರನೇ ತರಗತಿಗೆ ಇಟ್ಟಿರುವುದನ್ನು ನೋಡಿದರೆ, ಆ ಆದೇಶ ಚೌಕಟ್ಟಿಗಿಂತಲೂ ಮುಂದೆ ಹೋಗಿತ್ತು. ಅದೇ ರಾಜ್ಯದ ಅಕ್ಕಲಕೋಟೆ, ಜತ್ತ ಮೊದಲಾದ ತಾಲ್ಲೂಕುಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಮನೆಯ ಭಾಷೆ, ರಾಜ್ಯದ ಭಾಷೆ ಮತ್ತು ಇಂಗ್ಲಿಷ್ ಎಂಬ ತ್ರಿಭಾಷೆ ಎಂದಿನಿಂದಲೂ ಅನಿವಾರ್ಯ.

ಕಲಿಕಾ ಮಾಧ್ಯಮದ ವಿಷಯದಲ್ಲಿ ಶಿಕ್ಷಣ ನೀತಿಯು ಕನಿಷ್ಠ ಐದನೇ ತರಗತಿಯವರೆಗೆ, ಸಾಧ್ಯವಾದರೆ ಎಂಟನೇ ತರಗತಿಯವರೆಗೆ ಮಾತೃಭಾಷೆಯನ್ನು ಶಿಫಾರಸು ಮಾಡುತ್ತದೆ. ಆದರೆ ‘ಸಾಧ್ಯವಾದಲ್ಲೆಲ್ಲ’ ಎಂಬ ಮಾತನ್ನೂ ಜೊತೆಗಿಟ್ಟಿದೆ. ಈ ಎಚ್ಚರಿಕೆಗೆ ಹಿನ್ನೆಲೆ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಸಿಗುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ರಾಜ್ಯದ 1994ರ ಭಾಷಾ ನೀತಿಯ ಪ್ರಶ್ನೆಯನ್ನು ವಿಚಾರಿಸಿದ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, 2014ರ ಮೇ 6ರಂದು, ಸರ್ಕಾರವು ಮಾತೃಭಾಷೆಯನ್ನು ಮಾಧ್ಯಮವಾಗಿ ಹೇರುವಂತಿಲ್ಲವೆಂದೂ ಮಾಧ್ಯಮದ ಆಯ್ಕೆ ಮಗುವಿನದೂ ಅದರ ಪರವಾಗಿ ಪೋಷಕರದೂ ಎಂದೂ ತೀರ್ಪಿತ್ತಿತು. ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಸುತ್ತೋಲೆ ಕಳುಹಿಸಿ, ಮಕ್ಕಳ ಮನೆಭಾಷೆಗಳ ಪಟ್ಟಿ ತಯಾರಿಸಿ ಬುನಾದಿ ಹಂತದಲ್ಲಿ ಅವನ್ನು ಬಳಸಲು ಸೂಚಿಸಿತು. ಬೆಂಗಳೂರಿನಂತಹ ಊರಿನಲ್ಲಿ ಒಂದೇ ಕೋಣೆಯೊಳಗೆ ಕನ್ನಡ, ತೆಲುಗು, ತಮಿಳು, ದಖನಿ, ಹಿಂದಿ, ಬಂಗಾಳಿ ಮಾತನಾಡುವ ಮಕ್ಕಳಿರುವಾಗ ಆರ್1 ಯಾವುದೆಂದು ನಿರ್ಧರಿಸುವುದು ಶಾಲೆಗೆ ಸುಲಭದ ಕೆಲಸವಲ್ಲ.

ವಿಷಯಗಳು

ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಜೊತೆಗೆ ಕಲೆ, ದೈಹಿಕ ಶಿಕ್ಷಣ ಮತ್ತು ಸ್ವಾಸ್ಥ್ಯ, ವೃತ್ತಿಶಿಕ್ಷಣ, ಪರಿಸರದಂತಹ ಅಂತರ್‌ಶಿಸ್ತೀಯ ವಿಷಯಗಳಿಗೂ ಚೌಕಟ್ಟು ಸಮಾನ ಸ್ಥಾನ ನೀಡುತ್ತದೆ. ಪಠ್ಯೇತರ ಎಂಬ ಪ್ರತ್ಯೇಕ ಗುಂಪನ್ನು ಅದು ಒಪ್ಪುವುದಿಲ್ಲ. ವೃತ್ತಿಶಿಕ್ಷಣ ಆರನೇ ತರಗತಿಯಿಂದ ಎಲ್ಲರಿಗೂ ಇದೆ. ಜೀವಿಗಳೊಂದಿಗಿನ ಕೆಲಸ (ಕೃಷಿ, ತೋಟಗಾರಿಕೆ, ಪಶುಪಾಲನೆ), ಯಂತ್ರ ಮತ್ತು ಸಾಮಗ್ರಿಗಳೊಂದಿಗಿನ ಕೆಲಸ (ಬಡಗಿತನ, ಕುಂಬಾರಿಕೆ, ಹೊಲಿಗೆ), ಮನುಷ್ಯರಿಗೆ ಸೇವೆ ಒದಗಿಸುವ ಕೆಲಸ ಎಂಬ ಮೂರು ಬಗೆಗಳಲ್ಲಿ ವರ್ಷಕ್ಕೆ ಒಂದೊಂದರಂತೆ ಎಂಟನೇ ತರಗತಿ ಮುಗಿಯುವ ವೇಳೆಗೆ ಒಂಬತ್ತು ಯೋಜನೆಗಳನ್ನು ಮಗು ಮಾಡಿರಬೇಕು. ಮಗುವನ್ನು ಕುಲಕಸುಬಿಗೆ ಮರಳಿಸುವ ಹುನ್ನಾರ ಇದೆಂಬ ಶಂಕೆಯನ್ನು ಕೆಲವು ಶಿಕ್ಷಣ ಚಿಂತಕರು ವ್ಯಕ್ತಪಡಿಸಿದ್ದಾರೆ. ಎಲ್ಲ ಮಕ್ಕಳೂ ಮೂರೂ ಬಗೆಯ ಕೆಲಸಗಳನ್ನು ಮಾಡಬೇಕೆಂಬ ನಿಯಮವೇ ಆ ಶಂಕೆಗೆ ಉತ್ತರವೆಂಬುದು ಸಮರ್ಥಕರ ವಾದ. ಉಳ್ಳವರ ಶಾಲೆಗಳಲ್ಲಿಯೂ ಆ ನಿಯಮ ಪಾಲನೆಯಾದಾಗ ಮಾತ್ರ ಈ ಉತ್ತರಕ್ಕೆ ಬೆಲೆ.

11 ಮತ್ತು 12ನೇ ತರಗತಿಗಳಲ್ಲಿ ವಿದ್ಯಾರ್ಥಿಯು ಎರಡು ಭಾಷೆಗಳನ್ನೂ ನಾಲ್ಕು ವಿಷಯಗಳನ್ನೂ ಓದಬೇಕು. ಆ ನಾಲ್ಕು ವಿಷಯಗಳು ಕನಿಷ್ಠ ಎರಡು ಬೇರೆಬೇರೆ ಗುಂಪುಗಳಿಂದ ಬಂದಿರಬೇಕು. ಕಲೆ, ವಾಣಿಜ್ಯ, ವಿಜ್ಞಾನ ಎಂಬ ಗೋಡೆಗಳನ್ನು ತೆಗೆಯುವುದು ಇದರ ಉದ್ದೇಶ. ಭೌತಶಾಸ್ತ್ರದ ಜೊತೆ ಸಂಗೀತವನ್ನೋ ಅರ್ಥಶಾಸ್ತ್ರದ ಜೊತೆ ಗಣಿತವನ್ನೋ ಓದಲು ಅಡ್ಡಿಯಿರಬಾರದು. ಕರ್ನಾಟಕದ ಪಿಯು ಕಾಲೇಜುಗಳು ಪಿಸಿಎಂಬಿ, ಇಬಿಎಸಿ, ಎಚ್‌ಇಪಿಎಸ್ ಎಂಬ ಸಿದ್ಧ ಸಂಯೋಜನೆಗಳಲ್ಲಿಯೇ ನಡೆಯುತ್ತಿವೆ. ವೃತ್ತಿಪರ ಪ್ರವೇಶ ಪರೀಕ್ಷೆಗಳು ಹಳೆಯ ವಿಷಯಗಳನ್ನೇ ಕೇಳುತ್ತಿರುವವರೆಗೆ ಈ ಸ್ವಾತಂತ್ರ್ಯವನ್ನು ಬಳಸಿಕೊಳ್ಳುವ ಧೈರ್ಯ ಎಷ್ಟು ಕುಟುಂಬಗಳಿಗೆ ಬಂದೀತೆಂಬುದು ಬೇರೆ ಮಾತು.

ಮೌಲ್ಯಮಾಪನ

ಬುನಾದಿ ಹಂತದಲ್ಲಿ ಲಿಖಿತ ಪರೀಕ್ಷೆ ಇರಕೂಡದು. ಮಗುವನ್ನು ಗಮನಿಸುವುದು, ಅದು ಬರೆದ, ಬಿಡಿಸಿದ, ಕಟ್ಟಿದ ವಸ್ತುಗಳನ್ನು ಪರಿಶೀಲಿಸುವುದು ಇವೇ ಅಳತೆಯ ವಿಧಾನಗಳು. ಮೂರನೇ ತರಗತಿಯಿಂದ ಬರಹದ ಮೌಲ್ಯಮಾಪನ ಕ್ರಮೇಣ ಸೇರಿಕೊಳ್ಳುತ್ತದೆ. ಅಂಕಪಟ್ಟಿಯ ಬದಲು ‘ಸಮಗ್ರ ಪ್ರಗತಿ ಪತ್ರ’ವನ್ನು ಸೂಚಿಸಲಾಗಿದೆ. ಇದರಲ್ಲಿ ಶಿಕ್ಷಕರ ಅಭಿಪ್ರಾಯದೊಂದಿಗೆ ಮಗುವಿನ ಸ್ವಂತ ಮೌಲ್ಯಮಾಪನ, ಸಹಪಾಠಿಗಳ ಮಾತು ಮತ್ತು ಪೋಷಕರು ಮನೆಯಲ್ಲಿ ಕಂಡ ಸಂಗತಿಗಳಿಗೂ ಜಾಗವಿದೆ. ಪತ್ರದ ಮಾದರಿಗಳನ್ನು ಎನ್‌ಸಿಇಆರ್‌ಟಿಯ ಅಂಗವಾದ ‘ಪರಖ್’ ಸಂಸ್ಥೆ ರೂಪಿಸಿದೆ.

ಬೋರ್ಡ್ ಪರೀಕ್ಷೆಯನ್ನು ವರ್ಷಕ್ಕೆ ಕನಿಷ್ಠ ಎರಡು ಬಾರಿ ನಡೆಸಿ, ಹೆಚ್ಚು ಅಂಕ ಬಂದುದನ್ನು ಪರಿಗಣಿಸಬೇಕೆಂಬುದು ಚೌಕಟ್ಟಿನ ಸಲಹೆ. ಸಿಬಿಎಸ್‌ಇ 2026ರಿಂದ ಹತ್ತನೇ ತರಗತಿಗೆ ಇದನ್ನು ಅಳವಡಿಸಲು 2025ರ ಜೂನ್‌ನಲ್ಲಿ ನಿರ್ಧರಿಸಿತು. ಮೊದಲ ಪರೀಕ್ಷೆಯನ್ನು ಎಲ್ಲರೂ ಬರೆಯಬೇಕು; ಎರಡನೆಯದರಲ್ಲಿ ಮೂರು ವಿಷಯಗಳವರೆಗೆ ಫಲಿತಾಂಶ ಸುಧಾರಿಸಿಕೊಳ್ಳಬಹುದು. ಶಿಕ್ಷಣ ನೀತಿಯನ್ನು ಒಪ್ಪದ ಕರ್ನಾಟಕವು ಈ ವಿಷಯದಲ್ಲಿ ಸಿಬಿಎಸ್‌ಇಗಿಂತ ಮುಂದಿತ್ತೆಂಬುದು ಸ್ವಾರಸ್ಯಕರ. 2023-24ರಿಂದಲೇ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಮೂರು ಅವಕಾಶಗಳನ್ನು ರಾಜ್ಯ ನೀಡಿತು.

ಪಠ್ಯಪುಸ್ತಕಗಳು

ಹೊಸ ಚೌಕಟ್ಟನ್ನು ಆಧರಿಸಿದ ಎನ್‌ಸಿಇಆರ್‌ಟಿ ಪುಸ್ತಕಗಳು 1 ಮತ್ತು 2ನೇ ತರಗತಿಗಳಿಗೆ 2023ರಲ್ಲಿ, 3 ಮತ್ತು 6ನೇ ತರಗತಿಗಳಿಗೆ 2024ರಲ್ಲಿ, 4, 5, 7 ಮತ್ತು 8ನೇ ತರಗತಿಗಳಿಗೆ 2025ರಲ್ಲಿ ಹೊರಬಂದವು. ಆರನೇ ತರಗತಿಯ ವಿಜ್ಞಾನದ ಪುಸ್ತಕ ‘ಕ್ಯೂರಿಯಾಸಿಟಿ’, ಗಣಿತದ್ದು ‘ಗಣಿತ ಪ್ರಕಾಶ’, ವೃತ್ತಿಶಿಕ್ಷಣದ್ದು ‘ಕೌಶಲ್ ಬೋಧ್’. ಇತಿಹಾಸ, ಭೂಗೋಳ, ಪೌರನೀತಿಗಳ ಪ್ರತ್ಯೇಕ ಪುಸ್ತಕಗಳು ಸೇರಿ ಒಂದೇ ಸಮಾಜ ವಿಜ್ಞಾನ ಪುಸ್ತಕವಾಗಿವೆ. ಇಂಗ್ಲಿಷ್ ಪಠ್ಯಗಳಿಗೆ ‘ಮೃದಂಗ್’, ‘ಸಂತೂರ್’, ‘ಪೂರ್ವಿ’ ಎಂಬ ಹೆಸರುಗಳನ್ನಿಟ್ಟದ್ದು ಹಿಂದಿ ಹೇರಿಕೆಯೆಂದು ಕೇರಳ ಸರ್ಕಾರ ಆಕ್ಷೇಪಿಸಿತು.

ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗವನ್ನೂ ಧಾತುಗಳ ಆವರ್ತ ಕೋಷ್ಟಕವನ್ನೂ ಕೈಬಿಟ್ಟದ್ದು ಈ ಚೌಕಟ್ಟಿನ ಫಲವೆಂದು ಹಲವರು ತಿಳಿದಿದ್ದಾರೆ. ಆ ಕಡಿತಗಳು ಕೋವಿಡ್ ನಂತರ ಹೊರೆ ತಗ್ಗಿಸುವ ಹೆಸರಿನಲ್ಲಿ 2022ರಲ್ಲಿ, 2005ರ ಚೌಕಟ್ಟನ್ನು ಆಧರಿಸಿದ ಹಳೆಯ ಪುಸ್ತಕಗಳಲ್ಲಿ ನಡೆದವು. ಎರಡನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ.

ಕುಟುಂಬದ ಪಾತ್ರ

ಮನೆಯಲ್ಲಿ ಶಾಲೆಯ ಪಾಠವನ್ನೇ ಮತ್ತೊಮ್ಮೆ ಹೇಳಿಕೊಡುವ ನಿರೀಕ್ಷೆಯನ್ನು ಚೌಕಟ್ಟು ಪೋಷಕರ ಮೇಲೆ ಹೊರಿಸುವುದಿಲ್ಲ. ಮನೆಯ ಭಾಷೆಯಲ್ಲಿ ಮಗುವಿನೊಡನೆ ಮಾತನಾಡುವುದು, ಕಥೆ ಹೇಳುವುದು, ಅಡುಗೆ, ಸಂತೆ, ಹೊಲಗಳಂತಹ ದಿನನಿತ್ಯದ ಕೆಲಸಗಳಲ್ಲಿ ಮಗುವನ್ನು ಜೊತೆಗಿಟ್ಟುಕೊಳ್ಳುವುದು ಎಳೆಯ ವಯಸ್ಸಿನಲ್ಲಿ ಸಾಕೆಂಬುದು ಅದರ ಧಾಟಿ. ಓದುಬರಹ ಬಾರದ ತಂದೆತಾಯಿಯರೂ ಮಗುವಿನ ಕಲಿಕೆಯಲ್ಲಿ ಪಾಲ್ಗೊಳ್ಳಬಲ್ಲರೆಂಬುದು ಇದರ ಮುಖ್ಯ ಅರ್ಥ.

ಮನೆಗೆಲಸದ ಬಗ್ಗೆ ನಿರ್ದಿಷ್ಟ ಮಿತಿಗಳು 2020ರ ಶಾಲಾ ಚೀಲ ನೀತಿಯಲ್ಲಿವೆ. ಎರಡನೇ ತರಗತಿಯವರೆಗೆ ಮನೆಗೆಲಸವಿಲ್ಲ; 3ರಿಂದ 5ನೇ ತರಗತಿಗೆ ವಾರಕ್ಕೆ 2 ಗಂಟೆ, 6ರಿಂದ 8ಕ್ಕೆ ದಿನಕ್ಕೆ 1 ಗಂಟೆ, ಅದಕ್ಕೂ ಮೇಲಿನವರಿಗೆ ದಿನಕ್ಕೆ 2 ಗಂಟೆ ಮೀರಬಾರದು. ಚೀಲದ ತೂಕ ಮಗುವಿನ ದೇಹತೂಕದ ಹತ್ತನೇ ಒಂದು ಭಾಗದೊಳಗಿರಬೇಕು. 20 ಕಿಲೋ ತೂಗುವ ಮಗುವಿಗೆ 2 ಕಿಲೋ. ಕರ್ನಾಟಕವು 2019ರಲ್ಲಿಯೇ 1 ಮತ್ತು 2ನೇ ತರಗತಿಗೆ ಒಂದೂವರೆಯಿಂದ ಎರಡು ಕಿಲೋ ಎಂಬ ಮಿತಿ ಹಾಕಿತ್ತು. 6ರಿಂದ 8ನೇ ತರಗತಿಯವರಿಗೆ ವರ್ಷದಲ್ಲಿ 10 ದಿನ ಚೀಲವಿಲ್ಲದ ದಿನಗಳನ್ನು ಶಿಕ್ಷಣ ನೀತಿ ಸೂಚಿಸುತ್ತದೆ. ಕರ್ನಾಟಕದ ಶಾಲೆಗಳು ‘ಸಂಭ್ರಮ ಶನಿವಾರ’ದ ಹೆಸರಿನಲ್ಲಿ ಇಂಥದೇ ದಿನವನ್ನು ಆಚರಿಸಿವೆ.

ಪಠ್ಯಕ್ರಮದ ಬಗ್ಗೆ ಪ್ರಶ್ನೆಗಳಿದ್ದಾಗ ಪೋಷಕರಿಗೆ ಕಾನೂನುಬದ್ಧ ವೇದಿಕೆಯೊಂದಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿ ಅಥವಾ ಪಾಲಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇದು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಎಂದು ಪರಿಚಿತ. ಈ ಸಮಿತಿಗಳ ಸಭೆಯಲ್ಲಿ ಕಟ್ಟಡ, ಬಿಸಿಯೂಟ, ಶೌಚಾಲಯಗಳ ಮಾತು ಬರುವಷ್ಟು ಕಲಿಕೆಯ ಮಾತು ಬರುವುದು ಅಪರೂಪ.

ಕರ್ನಾಟಕದಲ್ಲಿ

ಉನ್ನತ ಶಿಕ್ಷಣದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಜಾರಿಗೊಳಿಸಿ ಮೊದಲ ರಾಜ್ಯವೆನಿಸಿದ ಕರ್ನಾಟಕವು, 2023ರಲ್ಲಿ ಸರ್ಕಾರ ಬದಲಾದ ನಂತರ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ನೇಮಿಸಲಾಯಿತು. ಆಯೋಗವು 2025ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಗೆ ವರದಿ ಸಲ್ಲಿಸಿತು. 5+3+3+4ರ ಬದಲಿಗೆ ಎರಡು ವರ್ಷದ ಶಾಲಾಪೂರ್ವ, ಎಂಟು ವರ್ಷದ ಪ್ರಾಥಮಿಕ, ನಾಲ್ಕು ವರ್ಷದ ಪ್ರೌಢ ಶಿಕ್ಷಣವೆಂಬ 2+8+4 ರಚನೆ, ಮೂರರ ಬದಲು ಎರಡು ಭಾಷೆಗಳು, ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ ಇವು ಅದರ ಪ್ರಮುಖ ಶಿಫಾರಸುಗಳು. ಮಾತೃಭಾಷೆಯ ವಿಷಯದಲ್ಲಿ ರಾಷ್ಟ್ರೀಯ ಚೌಕಟ್ಟು ಮತ್ತು ರಾಜ್ಯ ಆಯೋಗಗಳ ನಿಲುವು ಬಹುತೇಕ ಒಂದೇ. ಮೂರನೆಯ ಭಾಷೆಯ ಬಳಿ ದಾರಿ ಕವಲೊಡೆಯುತ್ತದೆ.

ಇದರಿಂದಾಗಿ ರಾಜ್ಯದೊಳಗೇ ಮಂಡಳಿ ಬದಲಿಸುವ ಮಕ್ಕಳ ಕುಟುಂಬಗಳು ಕೆಲವು ವ್ಯತ್ಯಾಸಗಳನ್ನು ಎದುರಿಸಬೇಕಾಗುತ್ತದೆ. ರಾಜ್ಯ ಪಠ್ಯಕ್ರಮದ ಪ್ರೌಢಶಾಲಾ ಗಣಿತ ಮತ್ತು ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿಯ ಹಿಂದಿನ, ಅಂದರೆ 2005ರ ಚೌಕಟ್ಟಿನ, ಪುಸ್ತಕಗಳನ್ನು ಅಳವಡಿಸಿಕೊಂಡವು. ಸಮಾಜ ವಿಜ್ಞಾನ ಮತ್ತು ಕನ್ನಡದ ಪುಸ್ತಕಗಳು ರಾಜ್ಯದವೇ. ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿ ಮೂರು ಭಾಷೆಗಳ ಪರೀಕ್ಷೆ ಬರೆಯುವ ಪದ್ಧತಿ ಇಲ್ಲಿ ಹಳೆಯದಾದ್ದರಿಂದ ಸಿಬಿಎಸ್‌ಇ ಶಾಲೆಗೆ ಹೋದರೂ ಭಾಷೆಗಳ ಸಂಖ್ಯೆ ಹೊರೆಯೆನಿಸುವುದಿಲ್ಲ. ಆದರೆ ಏಳನೇ ತರಗತಿಗೆ ಹೊಸ ಶಾಲೆ ಸೇರಿದ ಮಗು ಆರನೆಯ ತರಗತಿಯಲ್ಲಿ ಮಾಡಿರಬೇಕಾದ ವೃತ್ತಿಶಿಕ್ಷಣದ ಯೋಜನೆಗಳನ್ನು ಮಾಡಿರುವುದಿಲ್ಲ. ಅದುವರೆಗೆ ಎಫ್‌ಎ, ಎಸ್‌ಎ ಅಂಕಗಳನ್ನಷ್ಟೇ ಕಂಡ ಪೋಷಕರಿಗೆ ತಾವೇ ತುಂಬಬೇಕಾದ ಕಾಲಂ ಇರುವ ಪ್ರಗತಿ ಪತ್ರ ಕೈಗೆ ಬರುತ್ತದೆ.